ಏನೂ ಒತ್ತಬೇಡಿ ಎಂದವನು ನಾನು

ಜಯಂತಿ ಅಕ್ಕಾರ, ನಿಮ್ಮ ಕಂಪ್ಯೂಟರನ್ನು ನಾನು ಸರಿಮಾಡಲೇ ಇಲ್ಲ — ಬೇಕೆಂದೇ. ನಿಮ್ಮ ತಂಗಿ ಶೋಭಾ ಕೊನೆಯ ಸಲ ನಿಮ್ಮ ಮುಖ ನೋಡದೆ ಹೋದದ್ದು ನನ್ನಿಂದ.

ರಿಪೇರಿಗೆಂದು ಭಾಂಡುಪಿನ ನಿಮ್ಮ ಮನೆಗೆ ಬಂದ ಮೊದಲ ದಿನವೇ ನನಗೆ ದೋಷ ಗೊತ್ತಾಗಿತ್ತು. ಸ್ವಿಚ್ ಆರಿಸಿದರೆ ಸಾಕು, ಆ ಹಳೆಯ ಯಂತ್ರ ತನ್ನ ಪ್ರೊಸೆಸರ್ ಎಷ್ಟು ವೇಗದಲ್ಲಿ ಓಡಬೇಕೆಂಬುದನ್ನೇ ಮರೆಯುತ್ತಿತ್ತು. ಮತ್ತೆ ಹಚ್ಚಿದಾಗ ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಒಂದೆರಡು ಸಾಲು ಮೂಡಿ, ಅಲ್ಲೇ ನಿಲ್ಲುತ್ತಿತ್ತು. ಒಳಗಿನ ಬೋರ್ಡಿನ ಮೇಲೆ ಗುಂಡನೆಯ ಪುಟ್ಟ ಬ್ಯಾಟರಿಯೊಂದಿರುತ್ತದೆ. ಕರೆಂಟಿಲ್ಲದಾಗ ಆ ನೆನಪನ್ನು ಕಾಯುವುದು ಅದೇ. ನಿಮ್ಮದು ಸತ್ತಿತ್ತು. ಹೊಸದು ನನ್ನ ಚೀಲದಲ್ಲೇ ಇತ್ತು.

ಅದನ್ನು ತೆಗೆಯುವಷ್ಟರಲ್ಲಿ ನೀವು ಅಡುಗೆಮನೆಯಿಂದ ಕರೆದಿರಿ. "ಎಂತ ಮಾರಾಯ, ಹಾಗೇ ಹೋಗುದಾ? ಗಂಜಿ ಉಂಟು, ಚಟ್ನಿ ಉಂಟು. ಊಟ ಮಾಡಿ ಹೋಗು."

ಬಿಜಾಪುರದಿಂದ ಬಂದು, ಗುರುತಿಲ್ಲದವರ ಜೊತೆ ಒಂದು ಕೋಣೆ ಹಂಚಿಕೊಂಡಿದ್ದೆ. ಕನ್ನಡ ಕೇಳಿ ತಿಂಗಳುಗಳಾಗಿದ್ದವು. ದಸ್ತಗೀರ್ ಎಂಬ ಹೆಸರು ಕೇಳಿಯೂ ನೀವು ನಿಮ್ಮ ಪಕ್ಕದಲ್ಲೇ ಕೂರಿಸಿ ಬಡಿಸಿದಿರಿ. ನನ್ನ ಮಾತಿಗೆ ನೀವು ನಕ್ಕಿರಿ, ನಿಮ್ಮ ಉಡುಪಿ ಕಡೆಯ ಮಾತಿಗೆ ನಾನು. ಉಂಡು ಎದ್ದವನು ಬ್ಯಾಟರಿ ಹಾಕಲಿಲ್ಲ. ವೇಗವನ್ನಷ್ಟೇ ಮತ್ತೆ ಹೊಂದಿಸಿ ಮುಚ್ಚಳ ಮುಚ್ಚಿದೆ.

"ಇದು ಮತ್ತ ಮರೀತೈತ್ರಿ. ಆ ಕರೀ ಪರದೆ ಬಂತಂದ್ರ ಏನೂ ಒತ್ತಬ್ಯಾಡ್ರಿ ಅಕ್ಕಾರ, ಎಲ್ಲಾ ಹಾಳಾಗ್ತೈತಿ. ನನಗ ಫೋನ್ ಮಾಡ್ರಿ."

ಸುಳ್ಳು. ಒಂದು ಕೀ ಒತ್ತಿದ್ದರೆ ಯಂತ್ರ ಮುಂದೆ ಹೋಗುತ್ತಿತ್ತು — ನಿಧಾನವಾಗಿ, ಆದರೆ ಹೋಗುತ್ತಿತ್ತು.

ಆಮೇಲೆ ನೀವು ಕರೆದಾಗಲೆಲ್ಲ ಬಂದೆ. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸಕ್ಕೆ ಸಂಜೆಯಿಡೀ ಕೂರುತ್ತಿದ್ದೆ. ಗಂಡನನ್ನು ಕಳೆದುಕೊಂಡ ನಿಮಗೆ ತಂಗಿಯೊಬ್ಬಳೇ ದಿಕ್ಕು. ಅವಳು ಮಸ್ಕತ್ತಿನಲ್ಲಿ ನರ್ಸ್. ಆ ಕಂಪ್ಯೂಟರ್ ಕೊಂಡದ್ದೇ ಅವಳನ್ನು ನೋಡಲಿಕ್ಕೆ. ಒಮ್ಮೆ ನನ್ನನ್ನು ಕ್ಯಾಮೆರಾದ ಮುಂದೆ ಎಳೆದು ತೋರಿಸಿದಿರಿ — "ಇವ ನಮ್ಮ ದಸ್ತಗೀರ್. ಇವ ಇಲ್ಲದಿದ್ರೆ ನನಗೆ ನೀನೂ ಇಲ್ಲ." ಶೋಭಾ ನನಗೆ ಕೈಮುಗಿದಳು. ನಾನು — ನಾನೂ ಮುಗಿದೆ.

ಮುಂದೆ ಅವಳ ಗಂಟಲಲ್ಲಿ ಗಡ್ಡೆಯಾಯಿತು, ದನಿ ನಿಂತಿತು. ಫೋನಿನಲ್ಲಿ ಮಾತಿಲ್ಲ, ಮುಖ ನೋಡುತ್ತಾ ಕೈಸನ್ನೆ ಮಾಡುವುದಷ್ಟೇ ಉಳಿಯಿತು. ಆಗಲಾದರೂ ಬ್ಯಾಟರಿ ಹಾಕಬಹುದಿತ್ತು. ಮುಂದಿನ ಸಲ ಎಂದುಕೊಂಡೆ. ಪ್ರತಿ ಸಲವೂ.

ಆಪರೇಷನ್ನಿನ ದಿನ ನಾನು ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಬಿಲ್ಲಿನ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದೆ. ನಿಮ್ಮ ಫೋನ್ ಬಂತು.

"ಕಪ್ಪು ಪರದೆ ಬಂದಿದೆ ಮಾರಾಯ. ಅಲ್ಲಿ ಶೋಭಾ ಕಾಯ್ತಾ ಇದ್ದಾಳೆ, ಈಗ ಒಳಗೆ ಕರ್ಕೊಂಡು ಹೋಗ್ತಾರಂತೆ. ಇಲ್ಲಿ ಎಂತದೋ ಒತ್ತಲಿಕ್ಕೆ ಬರೆದಿದೆ — ಒತ್ತಲಾ?"

ಒತ್ತಿ ಎನ್ನಬೇಕಿತ್ತು. ಒಂದೇ ಮಾತು. ಆದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನೀವು ಕೇಳಿದರೆ —

"ಬ್ಯಾಡ್ರಿ ಅಕ್ಕಾರ. ನಾ ಬಂದೆ."

ದಾದರಿನಲ್ಲಿ ಗಾಡಿ ಬದಲಿಸಿ ಓಡಿದೆ. ವಿಕ್ರೋಳಿ ದಾಟಿದ ಮೇಲೆ ಲೋಕಲ್ ರೈಲು ನಿಂತುಬಿಟ್ಟಿತು. ಬಾಗಿಲಲ್ಲಿ ನೇತಾಡುತ್ತಿದ್ದೆ, ಫೋನ್ ಕೈಯಲ್ಲೇ ಇತ್ತು. ಆಗಲೂ ಹೇಳಬಹುದಿತ್ತು. ಹೇಳಲಿಲ್ಲ.

ನೀವು ಒಳ್ಳೆಯ ಸೀರೆಯುಟ್ಟು, ಹೂ ಮುಡಿದು, ಆ ಪರದೆಯ ಮುಂದೆ ಕೂತಿದ್ದಿರಿ. ಎಲ್ಲಿ ತಪ್ಪಿ ಏನಾದರೂ ಒತ್ತಿಬಿಡುತ್ತೇನೋ ಎಂದು ಎರಡೂ ಕೈ ಮಡಿಲಲ್ಲಿ ಬಿಗಿಹಿಡಿದುಕೊಂಡಿದ್ದಿರಿ. ನಾನು ಕೀ ಒತ್ತಿದೆ. ಸ್ವಲ್ಪ ಹೊತ್ತಿಗೆ ಶೋಭಾಳ ಗೆಳತಿಯ ಮುಖ ಮೂಡಿತು. "ಈಗಷ್ಟೇ ಒಳಗೆ ಕರ್ಕೊಂಡು ಹೋದ್ರು ಅಕ್ಕ. ನೀವು ಬರ್ತೀರಿ ಅಂತ ಪರದೆಯನ್ನೇ ನೋಡ್ತಾ ಇದ್ಲು." ಅವಳ ಹಿಂದೆ ಖಾಲಿ ಮಂಚ ಕಾಣುತ್ತಿತ್ತು.

ಶೋಭಾ ಆಪರೇಷನ್ ಕೋಣೆಯಿಂದ ಜೀವಂತವಾಗಿ ಹೊರಗೆ ಬರಲಿಲ್ಲ.

ಸುದ್ದಿ ತಿಳಿದು ಪಕ್ಕದ ಮನೆಯವರು ಬಂದಾಗ, ಅಳುತ್ತಲೇ ನೀವು ನನ್ನನ್ನು ತೋರಿಸಿದಿರಿ — "ಪಾಪ, ಈ ಹುಡುಗ ಅಷ್ಟು ದೂರದಿಂದ ಓಡಿ ಬಂದ." ನೀರು ಕೊಟ್ಟಿರಿ. ಕುಡಿದೆ.

ಆ ವಾರವೇ ನಿಮಗೆ ತಿಳಿಯದಂತೆ ಬ್ಯಾಟರಿ ಬದಲಿಸಿದೆ. ಮತ್ತೆ ಬರಲಿಲ್ಲ. ನೀವು ಫೋನ್ ಮಾಡುತ್ತಲೇ ಇದ್ದಿರಿ. ಊಟ ಸರಿಯಾಗಿ ಮಾಡುತ್ತಿದ್ದೇನೋ ಇಲ್ಲವೋ ಎಂದು ಕೇಳಲಿಕ್ಕೇ ಇರಬೇಕು. ನಾನು ನಂಬರನ್ನೇ ಬದಲಿಸಿದೆ.

ಒಂಟಿಯಾಗಿದ್ದೆ ಎಂದು ಹೇಳಬಹುದು. ನೀವೂ ಒಂಟಿಯಾಗಿಯೇ ಇದ್ದಿರಿ ಅಕ್ಕಾರ. ನೀವು ಯಾರಿಗೂ ಸುಳ್ಳು ಹೇಳಲಿಲ್ಲ.

ನೀವು ಈಗಲೂ ಅದೇ ಬಿಲ್ಡಿಂಗಿನಲ್ಲಿದ್ದೀರಂತೆ. ಭಾನುವಾರ ಬರುತ್ತೇನೆ. ಇಲ್ಲಿ ಬರೆದದ್ದನ್ನೆಲ್ಲ ಬಾಗಿಲಲ್ಲೇ ನಿಂತು ನನ್ನ ಬಾಯಿಂದ ಹೇಳುತ್ತೇನೆ. ಹೇಳಿ ಮುಗಿಸುವ ತನಕ, ದಯವಿಟ್ಟು, ಒಳಗೆ ಬಾ ಎನ್ನಬೇಡಿ.