ಅಂಚಿನ ಕಡೆ ಕೂತ ಹನುಮಕ್ಕ

ರೇಷ್ಮೆ ಸೀರೆ ಮಡಚುವುದು ಒಬ್ಬರಿಂದ ಆಗುವ ಕೆಲಸವಲ್ಲ. ನಮ್ಮ ಮನೆಯಲ್ಲಿ ಆ ಎರಡನೆಯ ಆಳು ನಾನು. ವರ್ಷಕ್ಕೊಮ್ಮೆ ನನ್ನ ಹೆಂಡತಿ ಬೀರುವಿನಿಂದ ಸೀರೆಗಳನ್ನೆಲ್ಲ ತೆಗೆದು, ನುಸಿಗುಳಿಗೆಯ ವಾಸನೆ ಹೋಗಲೆಂದು ನೆರಳಿನಲ್ಲಿ ಹರವಿ, ಮತ್ತೆ ಮಡಚಿ ಇಡುತ್ತಾಳೆ. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅವಳು "ಹೂಂ" ಎಂದಾಗ ನಾನು ನನ್ನ ತುದಿ ಹಿಡಿದುಕೊಂಡು ಅವಳತ್ತ ನಡೆಯಬೇಕು. ಇಷ್ಟೇ ಕೆಲಸ. ಆದರೆ ನಾನು ಅವಳ ಹೂಂಗಿಂತ ಮೊದಲೇ ಹೊರಟುಬಿಡುತ್ತೇನೆ. ಸೀರೆ ನಡುವೆ ಜೋತುಬಿದ್ದು ನೆಲ ಮುಟ್ಟುತ್ತದೆ, ನನಗೆ ಬೈಗುಳ ಸಿಗುತ್ತದೆ.

ಇವತ್ತು ಬೆಳಿಗ್ಗೆ ಹೀಗೆ ಕೈಗೆ ಬಂದದ್ದು ಮೊಳಕಾಲ್ಮೂರಿನ ಸೀರೆ. ಬದನೆಕಾಯಿ ಬಣ್ಣದ ಒಡಲು, ಅರಿಶಿನ ಬಣ್ಣದ ಅಂಚು. ಆ ಅಂಚಿನ ಮೇಲೆ ಹೆಬ್ಬೆರಳು ಜಾರಿಸುತ್ತ ಬಂದರೆ ಒಂದು ಕಡೆ ಬೆರಳು ತಡೆಯುತ್ತದೆ. ಒಡಲಿನ ಎಳೆಯೂ ಅಂಚಿನ ಎಳೆಯೂ ಕೊಂಡಿ ಹಾಕಿಕೊಳ್ಳುವ ಜಾಗದಲ್ಲಿ ಒಂದು ಉಗುರಿನಷ್ಟು ಉದ್ದಕ್ಕೆ ನೇಯ್ಗೆ ಸಡಿಲ. ಅಂಗಡಿಯಲ್ಲಾದರೆ ಯಾರೂ ಇಂಥ ಸೀರೆ ಒಪ್ಪುವುದಿಲ್ಲ. ನಾವು ಒಪ್ಪಿದೆವು. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಚಳ್ಳಕೆರೆಯಲ್ಲಿ ಬಸ್ಸು ಹತ್ತಿಸಿ, ಎಣ್ಣೆ ಮಿಲ್ಲುಗಳ ವಾಸನೆ ದಾಟಿಸಿ, ಮೊಳಕಾಲ್ಮೂರಿನ ನೇಕಾರರ ಬೀದಿಗೆ ಕರೆದುಕೊಂಡು ಹೋಗಬೇಕು. ಬನ್ನಿ, ಕಿಟಕಿಯ ಸೀಟು ನಿಮಗೇ ಇರಲಿ.

ನಾನು ಚಳ್ಳಕೆರೆಯಲ್ಲಿ ಕೂತು ಎರಡು ತಾಲೂಕಿನ ಸುದ್ದಿ ಬರೆಯುವವನು. ಕುದಾಪುರದ ಹುಲ್ಲುಗಾವಲಿನಲ್ಲಿ ಎದ್ದ ಸಂಶೋಧನಾ ಕ್ಯಾಂಪಸ್ಸುಗಳಿಂದ ಹಿಡಿದು ಶೇಂಗಾ ಧಾರಣೆಯವರೆಗೆ ಎಲ್ಲವೂ ನನ್ನ ಪಾಲಿಗೆ ಬರುತ್ತದೆ. ಕಂಡದ್ದನ್ನು ಬರೆಯಬೇಕು, ಗುಣವಾಚಕ ಹಾಕಬಾರದು, ಯಾರ ಪರವೂ ವಹಿಸಬಾರದು ಎಂಬುದು ನನಗೆ ಕೆಲಸ ಕಲಿಸಿದವರ ಕಟ್ಟಪ್ಪಣೆ. ಹಾಗಾಗಿ ಮೊಳಕಾಲ್ಮೂರಿಗೆ ಬಂದ ಒಬ್ಬ ವಿದೇಶಿ ಹುಡುಗಿಯ ಮೇಲೆ ನಾಲ್ಕು ಸಾಲು ಬರೆಯಿರಿ ಎಂದು ಡೆಸ್ಕಿನವರು ಹೇಳಿದಾಗ ನನಗೆ ಅಷ್ಟೇನೂ ಉತ್ಸಾಹ ಬರಲಿಲ್ಲ. ಆ ನಾಲ್ಕು ಸಾಲು ಅವಳನ್ನು ನೋಡದೆಯೂ ಬರೆಯಬಹುದಿತ್ತು.

ಅವಳ ಹೆಸರು ಹನಾ. ಚೆಕ್ ದೇಶದ ಒಂದು ಹಳ್ಳಿಯವಳು. ಹೈಸ್ಕೂಲಿನ ಮಕ್ಕಳಿಗೆ ಇಂಗ್ಲಿಷ್ ಮಾತು ಮತ್ತು ಆಟ ಕಲಿಸಲು ಸ್ವಯಂಸೇವಕಿಯಾಗಿ ಬಂದಿದ್ದಳು. ನೇಕಾರರ ಬೀದಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದಳು. ನಾನು ಹೋದಾಗ ಬಾಗಿಲು ಹಾರು ಹೊಡೆದಿತ್ತು. ಮೊದಲ ವಾರ ಅವಳು ಓದಿಕೊಳ್ಳಲೆಂದು ಹಗಲು ಹೊತ್ತು ಬಾಗಿಲು ಹಾಕಿಕೊಂಡಿದ್ದಳಂತೆ. ಆ ಬೀದಿಯಲ್ಲಿ ಹಗಲು ಬಾಗಿಲು ಹಾಕಿದ್ದರೆ ಒಳಗಿರುವವರಿಗೆ ಹುಷಾರಿಲ್ಲ ಎಂದೇ ಲೆಕ್ಕ. ಮಧ್ಯಾಹ್ನದೊಳಗೆ ಒಬ್ಬರು ಗಂಜಿ ತಂದರು, ಒಬ್ಬರು ಜ್ವರದ ಮಾತ್ರೆ ತಂದರು, ಮತ್ತೊಬ್ಬರು ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ಹಿಡಿದುಕೊಂಡೇ ಬಂದರು. ಮಾರನೆಯ ದಿನದಿಂದ ಅವಳ ಬಾಗಿಲು ಮುಚ್ಚಿದ್ದನ್ನು ಯಾರೂ ನೋಡಲಿಲ್ಲ.

ನಮ್ಮ ಊರು ಹೇಗನ್ನಿಸಿತು ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ಕಷ್ಟ ಐತೆ ಸಾರ್. ಕೂತ್ಕಳಿ," ಎಂದಳು. ಕಷ್ಟವೇ ಸರಿ. ಎದುರು ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಸಂತೆಗೆ ಹೋದರೆ ಉರ್ದು. ಮೂರನ್ನೂ ಸೇರಿಸಿ ಒಂದೇ ಭಾಷೆ ಎಂದು ಅವಳು ಬಹಳ ದಿನ ನಂಬಿದ್ದಳು. ಕೇಳುವವರಿಗೂ ಅದರಿಂದ ತೊಂದರೆಯಾಗಲಿಲ್ಲ, ಏಕೆಂದರೆ ಅವರು ಮಾತಾಡುವುದೂ ಹಾಗೆಯೇ. ನನ್ನ ವರದಿ ಮಾರನೆಯ ದಿನ 'ಕನ್ನಡಕ್ಕೆ ಮನಸೋತ ವಿದೇಶಿ ಯುವತಿ' ಎಂಬ ತಲೆಬರಹ ಹೊತ್ತು ಬಂತು. ಮುಂದಿನ ಸಲ ಹೋದಾಗ ಅವಳು ಪತ್ರಿಕೆಯ ಆ ತುಂಡನ್ನು ಮುಂದೆ ಹಿಡಿದು ಕೇಳಿದಳು. "ಸಾರ್, ನಾನು ಕಷ್ಟ ಅಂದೆ. ಮನಸೋತ ಎಲ್ಲಿ ಅಂದೆ?" ತಲೆಬರಹ ಕೊಡುವವರು ಬೇರೆ ಎಂದು ಎಷ್ಟೋ ರಾಜಕಾರಣಿಗಳಿಗೆ ಸಮಜಾಯಿಷಿ ಕೊಟ್ಟವನು ನಾನು. ಅವಳಿಗೂ ಅದನ್ನೇ ಹೇಳಿದೆ, ಅವಳು ಒಪ್ಪಲಿಲ್ಲ.

ಮುಂದಿನ ಸಲ ಯಾಕೆ ಹೋದೆ ಎಂದರೆ, ಸೀರೆಗಾಗಿ. ಚಳ್ಳಕೆರೆಯಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ ಹತ್ತಿರವಿತ್ತು. ಹನಾಳ ಎದುರು ಮನೆಯ ನಾಗರಾಜಣ್ಣನಿಗೆ ಹೆಂಡತಿಗಾಗಿ ಒಂದು ಸೀರೆ ನೇಯಲು ಹೇಳಿದ್ದೆ. ಅವರ ಮನೆಯಲ್ಲಿ ಮಗ್ಗದ ಮುಂದಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಅವರು ಕೂರುತ್ತಾರೆ. ಅಂಚಿನ ಬಣ್ಣ ಬೇರೆಯಾದರೆ ಒಬ್ಬರ ಕೈ ಸಾಲದು. ಒಡಲಿನ ಲಾಳಿ ಅಂಚಿನವರೆಗೆ ಬಂದಾಗ ಪಕ್ಕದಲ್ಲಿ ಕೂತವರು ಅಂಚಿನ ಲಾಳಿಯನ್ನು ತೂರಿಸಬೇಕು. ಬೇಗ ತೂರಿಸಿದರೆ ಎಳೆ ಸಡಿಲ, ತಡವಾದರೆ ಬಿಗಿ. ನಾಗರಾಜಣ್ಣನ ಹೆಂಡತಿ ಗಡಿಯಾಚೆ ರಾಯದುರ್ಗಕ್ಕೆ ಜೀನ್ಸ್ ಹೊಲಿಯಲು ಹೋಗತೊಡಗಿದ ಮೇಲೆ ಆ ಜಾಗ ಮಗಳು ಶ್ರಾವಣಿಗೆ ಬಂದಿತ್ತು. ಹತ್ತನೇ ಕ್ಲಾಸಿನ ಹುಡುಗಿ.

ಶ್ರಾವಣಿ ಖೋ ಖೋ ಆಡುವುದನ್ನು ನೀವು ನೋಡಬೇಕಿತ್ತು. ಹನಾ ತನ್ನ ಊರಿನಲ್ಲಿ ಓಟಗಾರ್ತಿ. ಖೋ ಖೋ ಎಂಬ ಆಟ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ಆಟದ ನಿಯಮಗಳನ್ನು ಹುಡುಗಿಯರು ಅವಳಿಗೆ ಕಲಿಸಿದರು, ಓಡುವುದು ಹೇಗೆಂದು ಅವಳು ಹುಡುಗಿಯರಿಗೆ ಕಲಿಸಿದಳು. ಸಂಜೆ ಸ್ಕೂಲಿನ ಮೈದಾನದಲ್ಲಿ ಧೂಳೆಬ್ಬಿಸಿ, ಕನ್ನಡ ತೆಲುಗು ಚೆಕ್ ಮೂರರಲ್ಲೂ ಬೈದುಕೊಂಡು, ಅವರು ಒಂದು ತಂಡವಾದರು. ತಾಲೂಕು ಪಂದ್ಯ ಬಿ.ಜಿ. ಕೆರೆಯಲ್ಲಿ ಎಂದು ಗೊತ್ತಾಯಿತು. ಅದೇ ವಾರ ನನ್ನ ಸೀರೆ ಮಗ್ಗದಿಂದ ಇಳಿಯಬೇಕಿತ್ತು. ನಾಗರಾಜಣ್ಣ ಮಗಳಿಗೆ ಆ ವಾರ ಸ್ಕೂಲೂ ಬೇಡ, ಆಟವೂ ಬೇಡ ಎಂದುಬಿಟ್ಟರು. ಯಾರ ಪರವೂ ವಹಿಸದ ವರದಿಗಾರ ಈಗ ಪ್ರಕರಣದ ಒಬ್ಬ ಪಾರ್ಟಿ.

ಹನಾ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡು ಹೋಗಿ, ಹೊಸ್ತಿಲ ಹೊರಗೆ ನಿಂತು, ಶ್ರಾವಣಿಯನ್ನು ಕಳಿಸಿಕೊಡಿ ಎಂದು ಕೇಳಿದಳು. ನಾಗರಾಜಣ್ಣ ಲಾಳಿಯಿಂದ ಕಣ್ಣು ಎತ್ತದೆ "ನೋಡಾನ" ಎಂದರು. ಅವಳು ಕುಣಿಯುತ್ತ ಬಂದು ನನಗೆ ಫೋನ್ ಮಾಡಿದಳು. ಅದು ಒಪ್ಪಿಗೆಯಲ್ಲ ತಾಯಿ, ಎಂದೆ. ನಾನೇ ಹೋಗಿ, ಸೀರೆ ತಡವಾದರೂ ನಡೆಯುತ್ತದೆ, ಹೆಂಡತಿ ಬೇರೆ ಸೀರೆ ಉಡುತ್ತಾಳೆ ಎಂದು ಹೇಳಿ ನೋಡಿದೆ.

"ಗೃಹಪ್ರವೇಶ ಮುಂದಕ್ಕೆ ಹಾಕ್ತೀರಾ ಸಾರ್?" ಎಂದರು ನಾಗರಾಜಣ್ಣ.

ಇಲ್ಲ ಎಂದೆ.

"ಮತ್ತೆ ಸೀರೆ ಯಾಕ್ ಮುಂದಕ್ ಹೋಗ್ಬೇಕು? ಮಾತು ಕೊಟ್ಟಾಯ್ತಲ್ರಿ."

ಮರುದಿನ ಸಂಜೆ ಹನಾ ಮತ್ತೆ ಹೋದಳು. ನಾಗರಾಜಣ್ಣನ ತಾಯಿ, ನಮಗೆಲ್ಲ ಅಜ್ಜಿ, ಗೋಡೆಗೆ ಒರಗಿ ರೇಷ್ಮೆ ಸುತ್ತುತ್ತಿದ್ದರು. ಹನಾ ಎಂಬುದು ಹೆಸರೇ ಅಲ್ಲ ಎಂದು ತೀರ್ಮಾನಿಸಿ, ಬಂದ ವಾರವೇ ಅವಳನ್ನು ಹನುಮಕ್ಕ ಮಾಡಿದ್ದವರು. ಅವರು "ಕೂರ್ಚೋ" ಎಂದು ತೆಲುಗಿನಲ್ಲಿ ಹೇಳಿ, ಆಮೇಲೆ ಕನ್ನಡಕ್ಕೆ ಬಂದರು. "ಕೂತ್ಕಳೇ ಹನುಮಕ್ಕ. ನಿನ್ನೆ ನಿಂತ್ಕಂಡು ಕೇಳ್ದೆ, ಅವ್ನು ನಿಂತಂಗೇ ಕಳಿಸ್ದ. ಟೀ ಕುಡಿ ಮೊದ್ಲು." ಅವಳು ಕೂತಳು. ಟೀ ಕುಡಿದಳು, ಹುರಿದ ಶೇಂಗಾ ತಿಂದಳು, ತನ್ನ ಊರಿನ ಹಿಮದ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಶ್ರಾವಣಿಯ ಹೆಸರೆತ್ತಲಿಲ್ಲ. ಲಾಳಿ ಹೋಗಿ ಬರುವುದನ್ನು ನೋಡುತ್ತಲೇ ಇದ್ದಳು. ಏಳುವ ಹೊತ್ತಿಗೆ ಮಗ್ಗದ ಪಕ್ಕಕ್ಕೆ ಕೈ ತೋರಿಸಿ, "ಅಣ್ಣಾ, ಆವತ್ತು ಅಲ್ಲಿ ನಾನು ಕೂತ್ಕಂತೀನಿ," ಎಂದಳು.

ಮನೆಯವರೆಲ್ಲ ನಕ್ಕರಂತೆ. ಅಜ್ಜಿ ಮಾತ್ರ ನಗಲಿಲ್ಲ. "ಕಾಲು ಮಡಚಾಕೆ ಬರ್ತೈತೇನೆ ನಿಂಗೆ?" ಎಂದು ಕೇಳಿದರು.

ಅಲ್ಲಿಂದ ಮುಂದೆ ಸಂಜೆಗಳಲ್ಲಿ ಶ್ರಾವಣಿ ಟೀಚರಾದಳು, ಹನಾ ವಿದ್ಯಾರ್ಥಿನಿ. ಕಲಿಯುವುದಕ್ಕೆ ಬೇರೆ ಎಳೆ ಹಾಕಿದ ಹಳೆಯ ಮಗ್ಗವೊಂದನ್ನು ಪಕ್ಕದ ಮನೆಯವರು ಬಿಟ್ಟುಕೊಟ್ಟರು. ನಾಗರಾಜಣ್ಣ ಮಗಳಿಗೆ "ವೆಯ್" ಎನ್ನುತ್ತಿದ್ದರು, ಹಾಕು ಎಂದು. ಹನಾಳಿಗೆ ಅದು ತಲೆಗೆ ಹೋಗಿ ಕೈಗೆ ಬರುವುದರೊಳಗೆ ಹೊತ್ತು ಮೀರುತ್ತಿತ್ತು. ಇಲ್ಲವೇ ಹೇಳುವ ಮೊದಲೇ ತೂರಿಸಿಬಿಡುತ್ತಿದ್ದಳು. ಆಗ ಶ್ರಾವಣಿಗೆ ಹೊಳೆಯಿತು. "ಮಿಸ್, ಖೋ ಕೊಟ್ಮೇಲೆ ತಾನೆ ಏಳಾದು? ಹಂಗೇ ಇದೂನೂ." ಹೇಳಿ ಅಪ್ಪನ ಕಡೆ ತಿರುಗಿದಳು. ನಾಗರಾಜಣ್ಣ ನಾಚಿಕೊಂಡು, ಗಂಟಲು ಸರಿಮಾಡಿಕೊಂಡು, ಮೆಲ್ಲಗೆ "ಖೋ" ಎಂದರು. ಲಾಳಿ ಸರಿಯಾಗಿ ಹೋಯಿತು. ಮತ್ತೆ ಖೋ, ಮತ್ತೆ ಲಾಳಿ. ನಾನು ಒಂದು ಸಂಜೆ ಹೋದಾಗ ಬೀದಿಯ ತುದಿಗೇ ಕೇಳಿಸುತ್ತಿತ್ತು, ಮಗ್ಗದ ಸದ್ದಿನ ನಡುವೆ ಒಬ್ಬ ಗಂಡಸು ತಾಳ ಹಾಕಿದಂತೆ ಖೋ ಖೋ ಎನ್ನುವುದು. ಕೊನೆಗೆ ಅವರೇ ಹೇಳಿದರು, ಹುಡುಗಿ ಹೋಗಲಿ ಎಂದು. ತಂಡವನ್ನು ಕಟ್ಟಿದವಳು ಪಂದ್ಯ ನೋಡುವಂತಿಲ್ಲ ಎಂಬುದು ಆಮೇಲೆ ನಮಗೆಲ್ಲ ನೆನಪಾಯಿತು. ಅವಳಿಗೆ ಅದು ಮೊದಲೇ ಗೊತ್ತಿತ್ತು.

ಪಂದ್ಯದ ದಿನ ನಾನು ಬಿ.ಜಿ. ಕೆರೆಯಲ್ಲಿದ್ದೆ. ಫಲಿತಾಂಶ ಮಾತ್ರ ತಿಳಿಸುತ್ತೇನೆ ಎಂದು ಹನಾಳಿಗೆ ಹೇಳಿದ್ದೆ. ಫೈನಲ್ ಶುರುವಾಗುವ ಮುಂಚೆ ಅವಳದೇ ಫೋನ್ ಬಂತು. ಹಿಂದೆ ಮಗ್ಗದ ಸದ್ದು. ನೂಲಿನ ಬುಟ್ಟಿಯಲ್ಲಿ ಫೋನ್ ಇಟ್ಟು ಸ್ಪೀಕರ್ ಹಾಕಿದ್ದಾರೆ ಎಂದು ತಿಳಿಯಿತು. "ಕಟ್ ಮಾಡ್ಬೇಡಿ ಸಾರ್," ಎಂದಳು.

ಏನು ಮಾಡುವುದು? ನಾನು ಮೈದಾನದ ಗೆರೆ ಪಕ್ಕ ನಿಂತು, ಸುದ್ದಿಮನೆಯ ದನಿಯಲ್ಲಿ, ಎದುರಾಳಿ ತಂಡ ಟಾಸ್ ಗೆದ್ದಿದೆ ಎಂದು ಶುರು ಮಾಡಿದೆ. "ನಿಧಾನ ಹೇಳಿ ಸಾರ್," ಎಂದಳು ಹನಾ. ನಿಧಾನವಾಗಿ ಹೇಳಿದೆ. ಆದರೆ ಆಟ ನಿಧಾನವಾಗಿ ನಡೆಯಬೇಕಲ್ಲ. ಎದುರಾಳಿಗಳು ಬೆನ್ನಟ್ಟಿದರು, ನಮ್ಮವರು ತಪ್ಪಿಸಿಕೊಂಡರು, ಕೆಲವರು ಸಿಕ್ಕಿಬಿದ್ದರು. ನಮ್ಮ ಸರದಿ ಬಂದಾಗ ನಾನು ಎಲ್ಲಿ ನಿಂತಿದ್ದೇನೆ ಎಂಬುದೇ ಮರೆತುಹೋಗಿತ್ತು. ಶ್ರಾವಣಿ ಕಂಬದ ಹತ್ತಿರ ಕೂತಿದ್ದಳು. ಅವಳು ಏಳುತ್ತಿದ್ದ ರೀತಿ ನಾನು ಹೇಳಿದರೆ ನೀವು ನಂಬುವುದಿಲ್ಲ. ಕೂತಿದ್ದವಳು ಓಡುತ್ತಿರುತ್ತಿದ್ದಳು, ನಡುವೆ ಎದ್ದದ್ದು ಕಾಣುತ್ತಲೇ ಇರಲಿಲ್ಲ. ಒಬ್ಬಳು ಔಟು, ಇನ್ನೊಬ್ಬಳು ಔಟು. ನಾನು ಕೂಗುತ್ತಿದ್ದೆ. ಏನು ಕೂಗಿದೆನೋ, ಅದರಲ್ಲಿ ಗುಣವಾಚಕಗಳೇ ತುಂಬಿದ್ದವು. ಫೋನಿನಲ್ಲಿ "ನಿಧಾನ" ಎನ್ನುವುದು ನಿಂತುಹೋಗಿತ್ತು. ನಾನು ಎಷ್ಟು ವೇಗವಾಗಿ ಒದರಿದರೂ ಆ ಕಡೆಯಿಂದ "ಆಮೇಲೆ? ಆಮೇಲೆ?" ಎಂದಷ್ಟೇ ಬರುತ್ತಿತ್ತು.

ಎರಡೂ ತಂಡ ಸಮ. ಇನ್ನೊಬ್ಬಳು ಸಿಕ್ಕರೆ ಗೆಲುವು, ಸೀಟಿ ಊದಿಬಿಟ್ಟರೆ ಇಲ್ಲ. ಉಳಿದಿದ್ದ ಉದ್ದ ಜಡೆಯ ಹುಡುಗಿ ಚುರುಕು. ಶ್ರಾವಣಿ ಅವಳ ಬೆನ್ನ ಹಿಂದೆಯೇ ಇದ್ದಳು, ಒಂದು ಕೈ ದೂರ. ಆ ಹುಡುಗಿ ತಟ್ಟನೆ ಸಾಲಿನ ನಡುವೆ ನುಸುಳಿ ಆಚೆ ಕಡೆಗೆ ಹೋದಳು. ಬೆನ್ನಟ್ಟುವವರು ನಡುವಿನ ಗೆರೆ ದಾಟುವಂತಿಲ್ಲ. ಶ್ರಾವಣಿ ಕಂಬ ಸುತ್ತಿ ಹೋಗಲು ನೋಡಲಿಲ್ಲ. ಆಚೆ ಮುಖ ಮಾಡಿ ಕೂತಿದ್ದವಳ ಬೆನ್ನಿಗೆ ತಟ್ಟಿ, ಮೈದಾನವೇ ಬೆಚ್ಚುವಂತೆ "ಖೋ" ಎಂದಳು. ಆ ಹುಡುಗಿ ಎದ್ದಳು, ಕೈ ಚಾಚಿದಳು, ಜಡೆಯವಳ ಭುಜ ಮುಟ್ಟಿದಳು. ಸೀಟಿ.

ಫೋನಿನಲ್ಲಿ ಮಗ್ಗದ ಸದ್ದು ನಿಂತಿತ್ತು. ಆಮೇಲೆ ಅಜ್ಜಿಯ ದನಿ. "ಏನಾಯ್ತಪ್ಪಾ? ಹೇಳಾ ಮಾರಾಯ."

"ಗೆದ್ವಿ ಅಜ್ಜಿ," ಎಂದೆ. ಗೆದ್ದರು ಎನ್ನಬೇಕಿತ್ತು.

ಸಂಜೆ ಹುಡುಗಿಯರ ವ್ಯಾನಿನ ಹಿಂದೆ ನಾನೂ ಮೊಳಕಾಲ್ಮೂರಿಗೆ ಹೋದೆ. ಹನಾ ಜೋಮು ಹಿಡಿದ ಕಾಲನ್ನು ಎಳೆಯುತ್ತ ಹೊರಗೆ ಬಂದು ಶ್ರಾವಣಿಯನ್ನು ತಬ್ಬಿಕೊಂಡಳು. ಶ್ರಾವಣಿ ಕೇಳಿದ ಮೊದಲ ಪ್ರಶ್ನೆ, "ಎಷ್ಟು ನೇಯ್ದ್ರಿ ಮಿಸ್?" ಎಂದು. ಹನಾ ಹೆಮ್ಮೆಯಿಂದ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ತೋರಿಸಿದಳು. ನಾನು ಆ ರಾತ್ರಿ ಕಳಿಸಿದ ಉದ್ದನೆಯ ವರದಿ ಪತ್ರಿಕೆಯಲ್ಲಿ ಎರಡು ಸಾಲಾಗಿ ಬಂತು. ಅದರಲ್ಲಿ ಶ್ರಾವಣಿಯ ಹೆಸರಿರಲಿಲ್ಲ.

ಸೀರೆ ಹೇಳಿದ ದಿನಕ್ಕೆ ಸರಿಯಾಗಿ ಬಂತು. ನಾಗರಾಜಣ್ಣ ತಾವೇ ಚಳ್ಳಕೆರೆಗೆ ತಂದು, ಕೊಡುವ ಮೊದಲು ಅಂಚಿನ ಆ ಜಾಗ ಬಿಡಿಸಿ ತೋರಿಸಿದರು. "ಇಲ್ಲೈತೆ ನೋಡಿ ಸಾರ್. ನಾನಿನ್ನೂ ಖೋ ಅಂದಿರ್ಲಿಲ್ಲ. ಫೋನಾಗೆ ನಮ್ ಹುಡ್ಗಿ ಅಂದ್ಲು, ಹನುಮಕ್ಕ ತೂರಿಸ್ಬಿಟ್ಲು. ಕಿವಿ ಅಲ್ಲಿತ್ತು, ನಂದೂ ಅಲ್ಲೇ ಇತ್ತು. ಮಗ್ಗದಿಂದ ಇಳಿಸ್ದಾಗ್ಲೇ ಗೊತ್ತಾಗಿದ್ದು." ಬೇರೆ ನೇಯ್ದು ಕೊಡುತ್ತೇನೆ, ಇದು ಬೇಡ ಎಂದರು. ಅವರ ಮುಖ ಸಣ್ಣದಾಗಿತ್ತು. ನನ್ನ ಹೆಂಡತಿ ಆ ಜಾಗದ ಮೇಲೆ ಹೆಬ್ಬೆರಳು ಇಟ್ಟು, "ಶ್ರಾವಣಿ ಖೋ ಕೊಟ್ಟಿದ್ದು ಇಲ್ಲೇನಾ?" ಎಂದು ಕೇಳಿ, ಸೀರೆಯನ್ನು ಒಳಗೆ ತೆಗೆದುಕೊಂಡು ಹೋದಳು. ಗೃಹಪ್ರವೇಶದಲ್ಲಿ ಅದನ್ನೇ ಉಟ್ಟಳು.

ಹನಾ ತನ್ನ ಅವಧಿ ಮುಗಿಸಿ ಊರಿಗೆ ಹೋದಳು. ಆಗಾಗ ಅವಳ ದನಿಯ ಸಂದೇಶ ಬರುತ್ತದೆ, ಇಲ್ಲಿ ಹಿಮ ಐತೆ, ಬಾಗಿಲು ತೆಗೆದಿಟ್ಟರೆ ಪಕ್ಕದ ಮನೆಯವರು ಏನಾಯಿತೆಂದು ಕೇಳುತ್ತಾರೆ ಎಂದು. ಶ್ರಾವಣಿ ಈಗ ಆಟದ ಟೀಚರಾಗಲು ಓದುತ್ತಿದ್ದಾಳೆ.

ಇಷ್ಟೆಲ್ಲ ನೆನಪಾಗುವಾಗ ಸೀರೆಯ ತುದಿ ನನ್ನ ಕೈಯಲ್ಲೇ ಇತ್ತು, ಮತ್ತು ನಾನು ಎಂದಿನಂತೆ ಹೆಂಡತಿಯತ್ತ ಹೊರಟಿದ್ದೆ.

"ನಾನಿನ್ನೂ ಹೇಳಿಲ್ಲ, ಆಗ್ಲೇ ಬಂದ್ರಾ?" ಎಂದಳು.

ಹಿಂದೆ ಹೋಗಿ ನಿಂತೆ. ಅವಳು ಅಂಚನ್ನು ಬೆರಳಲ್ಲಿ ತಡವಿ ಆ ಸಡಿಲ ಜಾಗ ಹುಡುಕಿ, ಅದು ಮಡಿಕೆಯ ಮೇಲ್ಭಾಗಕ್ಕೆ ಬರುವಂತೆ ಸರಿಮಾಡಿಕೊಂಡಳು. ನಾನು ಸೀರೆಯನ್ನು ಬಿಗಿಯಾಗಿ ಹಿಡಿದು ಕಾದೆ. ಹೊರಡಬೇಕೆಂದು ಕಾಲು ತುಡಿಯುತ್ತಿತ್ತು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು, ನಗು ತಡೆದುಕೊಂಡಳು.

"ಖೋ," ಎಂದಳು.

ಆಮೇಲೆ ಹೊರಟೆ.