ನಲವತ್ತನೆಯ ದಿನದ ಅವರೆಕಾಳು

ನನ್ನ ಅಣ್ಣನಿಗೆ ಹೇಳಲೇಬೇಕಾಗಿದ್ದ ಒಂದು ಮಾತನ್ನು ನಾನು ನಾಲ್ಕು ವರ್ಷ ಹೇಳಲಿಲ್ಲ. ಹೇಳಲು ಹೊತ್ತು ಸಿಗಲಿಲ್ಲ ಎನ್ನುವಂತಿಲ್ಲ. ಚಾಮರಾಜಪೇಟೆಯ ಒಂದೇ ಮನೆಯಲ್ಲಿ ಇದ್ದೆವು. ದಿನಕ್ಕೆ ಎರಡು ಹೊತ್ತು ಅವನ ತಟ್ಟೆಗೆ ಅನ್ನ ಬಡಿಸುತ್ತಿದ್ದವಳು ನಾನೇ. ಹೇಳಬೇಕಾಗಿದ್ದ ಮಾತು ಇಪ್ಪತ್ತು ಅವರೆಕಾಳಿನದು. ಇಷ್ಟು ಸಣ್ಣದಕ್ಕೆ ಇಷ್ಟು ಸಂಕಟವೇ ಎಂದು ಕೇಳಿದವರು ನಗುತ್ತಾರೆ. ನಗಲಿ. ಅಣ್ಣನ ವಿಷಯದಲ್ಲಿ ನಗದೆ ಇರುವುದು ನನಗೂ ಕಷ್ಟ.

ಅಣ್ಣನ ಹೆಸರು ಶೇಷಗಿರಿ. ಬಸವನಗುಡಿಯ ಕಾಲೇಜೊಂದರ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದ. ಮದುವೆ ಮಾಡಿಕೊಳ್ಳಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ನಾನೂ ನನ್ನ ಮಗಳು ಸುಧಾಳೂ ಅವನ ಮನೆಗೆ ಬಂದೆವು. ನಾನು ಓದಿದ್ದು ಏಳನೆಯ ಕ್ಲಾಸು, ಅವನು ಎಸ್ಸೆಸ್ಸೆಲ್ಸಿ. ಆದರೆ ಅವನಿಗೆ ಒಬ್ಬ ಇಂಗ್ಲಿಷ್ ಗುರು ಇದ್ದರು. ನೂರಕ್ಕೂ ಹೆಚ್ಚು ವರ್ಷದ ಹಿಂದೆ ತೀರಿಹೋದ ಒಬ್ಬ ಗಡ್ಡದ ಸಾಹೇಬರು. ಲ್ಯಾಬಿನ ಮೇಡಂ ಒಬ್ಬರ ಹತ್ತಿರ ಆ ಸಾಹೇಬರು ಬರೆದ ಪತ್ರಗಳ ಪುಸ್ತಕವಿತ್ತಂತೆ. ಊಟದ ಹೊತ್ತಿನಲ್ಲಿ ಅದನ್ನು ಅಣ್ಣನಿಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರಂತೆ. ಬೀಜಗಳು ಸಮುದ್ರದಲ್ಲಿ ತೇಲಿ ಇನ್ನೊಂದು ನಾಡಿಗೆ ಹೋಗಿ ಮೊಳೆಯಬಲ್ಲವೇ ಎಂಬುದು ಸಾಹೇಬರ ಪ್ರಶ್ನೆ. ಅದಕ್ಕಾಗಿ ಮನೆಯ ತುಂಬ ಸೀಸೆಗಳಲ್ಲಿ ಉಪ್ಪುನೀರು ತುಂಬಿ ಬೀಜ ನೆನೆಹಾಕುತ್ತಿದ್ದರು. ದೇಶದೇಶದವರಿಗೆ ಪತ್ರ ಬರೆದು ಬೀಜ ತರಿಸುತ್ತಿದ್ದರು.

‘ತೋಟದ ಮಾಲಿ, ಪಾರಿವಾಳ ಸಾಕೋನು, ಎಲ್ಲರ್ಗೂ ಬರೆಯೋರಂತೆ ಪುಟ್ಟಿ. ದೊಡ್ಡೋನು ಅನ್ನೋ ಜಂಬ ಒಂಚೂರಿಲ್ಲ. ಕೇಳೋದಕ್ಕೆ ನಾಚ್ಕೊಂಡೋನು ಏನೂ ಕಲಿಯಲ್ಲ’ ಎನ್ನುತ್ತಿದ್ದ ಅಣ್ಣ. ಅರವತ್ತು ದಾಟಿದರೂ ನಾನು ಅವನಿಗೆ ಪುಟ್ಟಿಯೇ.

ಅವನು ನಿವೃತ್ತನಾದ ಮೇಲೆ ನಮ್ಮ ಮನೆಯೇ ಆ ಸಾಹೇಬರ ಮನೆಯಾಯಿತು. ನನ್ನ ಉಪ್ಪಿನಕಾಯಿ ಜಾಡಿಗಳು ಒಂದೊಂದಾಗಿ ನಡುಮನೆಯ ಕಿಟಕಿಗೆ ಹೋದವು. ಒಂದರಲ್ಲಿ ಹುರುಳಿ, ಒಂದರಲ್ಲಿ ಮೂಲಂಗಿ ಬೀಜ, ಒಂದರಲ್ಲಿ ಹಾಗಲ. ವಾರ ಕಳೆಯುವುದರೊಳಗೆ ಅವು ನಾರಲು ಶುರುವಾಗುತ್ತಿದ್ದವು. ಎಂಥ ನಾತವೆಂದರೆ ಹಾಲಿನವನು ಗೇಟಿನಲ್ಲೇ ಪಾಕೀಟು ಇಟ್ಟು ಬೆಲ್ ಹೊಡೆದು ಹೋಗುತ್ತಿದ್ದ. ‘ಸಾಹೇಬ್ರ ಮನೇಲೂ ನಾತ ಬರ್ತಿತ್ತಂತೆ’ ಎಂದು ಅಣ್ಣ ಹೆಮ್ಮೆಯಿಂದ ಹೇಳುತ್ತಿದ್ದ. ಸಾಹೇಬರ ಹೆಂಡತಿ ಏನು ಅನ್ನುತ್ತಿದ್ದರು ಎಂದು ಕೇಳಿದೆ. ಆ ಪತ್ರ ಮೇಡಂ ಓದಿ ಹೇಳಿರಲಿಲ್ಲವಂತೆ.

ಹಕ್ಕಿಯ ಕಾಲಿಗೆ ಅಂಟಿದ ಮಣ್ಣಿನಲ್ಲೂ ಬೀಜ ಇರುತ್ತದೆ ಎಂದು ಸಾಹೇಬರು ಕಂಡುಕೊಂಡಿದ್ದರಂತೆ. ನಮ್ಮ ಮನೆಗೆ ಹಕ್ಕಿಗಳಿಗಿಂತ ನೆಂಟರು ಜಾಸ್ತಿ ಬರುತ್ತಿದ್ದರು. ಹಾಗಾಗಿ ಅಣ್ಣ ಬಂದವರ ಚಪ್ಪಲಿಯ ಮಣ್ಣನ್ನು ಚಮಚದಲ್ಲಿ ಕೆರೆದು ತೆಂಗಿನ ಚಿಪ್ಪಿಗೆ ಹಾಕಿ, ಮೇಲೆ ಚೀಟಿ ಅಂಟಿಸಿ ನೀರು ಹನಿಸುತ್ತಿದ್ದ. ‘ಗ್ಯಾಸಿನವರು, ಬಲಗಾಲು.’ ‘ಸೋದರತ್ತೆ, ಎರಡೂ ಕಾಲು.’ ಸೋದರತ್ತೆಯ ಚಿಪ್ಪಿನಲ್ಲಿ ಏನೂ ಹುಟ್ಟಲಿಲ್ಲ. ಆಕೆ ಅದನ್ನು ಅವಮಾನವೆಂದೇ ತಿಳಿದು ಆಮೇಲೆ ಬರುವುದನ್ನು ಕಡಿಮೆ ಮಾಡಿದರು.

ಅಣ್ಣನ ಪತ್ರಗಳ ಬಗ್ಗೆ ಹೇಳಬೇಕು. ಮೊಬೈಲು ಇಟ್ಟುಕೊಂಡಿದ್ದ, ಆದರೆ ಬೀಜದ ವಿಷಯ ಅದರಲ್ಲಿ ಮಾತಾಡುತ್ತಿರಲಿಲ್ಲ. ‘ಫೋನಲ್ಲಿ ಹೇಳಿದ್ದು ಗಾಳಿಗೆ ಹೋಗತ್ತೆ.’ ಇನ್‌ಲ್ಯಾಂಡ್ ಪತ್ರದಲ್ಲಿ ಸಣ್ಣಕ್ಷರದಲ್ಲಿ ಬರೆದು, ಅಂಟಿಸುವ ಮೊದಲು ನನ್ನನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದ. ‘ಕಾಗದಕ್ಕೆ ಸುಳ್ಳು ಗೊತ್ತಾಗಲ್ಲ ಪುಟ್ಟಿ. ಓದಿದ್ರೆ ನಾಲಗೆ ತಡೆಯತ್ತೆ. ತಡೆದ ಕಡೆ ತಿದ್ದಬೇಕು.’

ಹೆಚ್ಚಿನವರು ಉತ್ತರ ಬರೆಯುತ್ತಿರಲಿಲ್ಲ. ತಪ್ಪದೆ ಬರೆಯುತ್ತಿದ್ದವರು ಒಬ್ಬರೇ, ಅಂಕೋಲೆಯ ನಾಯಕ ಮೇಷ್ಟ್ರು. ಅವರೂ ನಿವೃತ್ತರು, ಅವರಿಗೂ ಇದೇ ಹುಚ್ಚು. ಹನ್ನೊಂದು ವರ್ಷ ಇಬ್ಬರೂ ವಾರಕ್ಕೊಂದು ಪತ್ರ ಬರೆದುಕೊಂಡರು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ, ದನಿಯನ್ನೂ ಕೇಳಿರಲಿಲ್ಲ. ಪೋಸ್ಟಿನವನು ಬರುವ ಹೊತ್ತಿಗೆ ಅಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಗೇಟಿನ ಹತ್ತಿರ ನಿಲ್ಲುತ್ತಿದ್ದ.

ಒಮ್ಮೆ ಮೇಷ್ಟ್ರು, ನಿಮ್ಮ ಊರಿನ ಉಪ್ಪುನೀರು ಅಡುಗೆಮನೆಯದು, ನಾನು ನಿಜವಾದ ಸಮುದ್ರವನ್ನೇ ಕಳಿಸುತ್ತೇನೆ ಎಂದು ಬರೆದು, ಹತ್ತು ಲೀಟರ್ ಕ್ಯಾನಿನಲ್ಲಿ ತುಂಬಿ ಬಸ್ಸಿಗೆ ಹಾಕಿದರು. ಅದನ್ನು ತರಲು ಅಣ್ಣನ ಜೊತೆ ನಾನೂ ಕಲಾಸಿಪಾಳ್ಯಕ್ಕೆ ಹೋಗಿದ್ದೆ. ಪಾರ್ಸಲ್ ಕೌಂಟರಿನವರು ಕ್ಯಾನನ್ನು ಅಲುಗಾಡಿಸಿ, ‘ಒಳಗೇನು ಸಾರ್?’ ಎಂದರು.

‘ಸಮುದ್ರ.’

‘ತಮಾಷೆ ಬೇಡ ಸಾರ್. ಎಣ್ಣೆನಾ?’ ಕಲಾಸಿಪಾಳ್ಯದಲ್ಲಿ ಎಣ್ಣೆ ಎಂದರೆ ಹೆಂಡ.

ಅಣ್ಣ ಮುಚ್ಚಳದಲ್ಲಿ ಒಂದಿಷ್ಟು ಬಗ್ಗಿಸಿ ಕೊಟ್ಟ. ಅವರು ಕುಡಿದೇಬಿಟ್ಟರು. ಉಗಿದು ಮುಖ ಒರೆಸಿಕೊಂಡು, ‘ಸಮುದ್ರಾನೇ ತಗೊಂಡ್ಹೋಗಿ’ ಎಂದು ಸಹಿ ಹಾಕಿಸಿಕೊಂಡರು. ಅವತ್ತಿನಿಂದ ಅಲ್ಲಿ ಅಣ್ಣನ ಹೆಸರು ‘ಸಮುದ್ರದವರು’.

ಆ ನೀರಿನಲ್ಲೇ ಅವರೆಯ ಪಂದ್ಯ ಶುರುವಾದದ್ದು. ಒಣಗಿದ ಅವರೆಕಾಳು ಸಮುದ್ರದ ನೀರಿನಲ್ಲಿ ನಲವತ್ತು ದಿನ ಬದುಕುತ್ತದೆ ಎಂದು ಅಣ್ಣ. ಹದಿನೈದು ದಿನಕ್ಕೇ ಸಾಯುತ್ತದೆ ಎಂದು ಮೇಷ್ಟ್ರು. ಒಂದೇ ಚೀಲದ ಕಾಳು, ಇಲ್ಲಿ ಇಪ್ಪತ್ತು, ಅಲ್ಲಿ ಇಪ್ಪತ್ತು, ಒಂದೇ ದಿನ ಇಬ್ಬರೂ ಜಾಡಿಗೆ ಹಾಕಿದರು.

ಮೂವತ್ತೊಂಬತ್ತನೆಯ ದಿನ ಸುಧಾಳನ್ನು ನೋಡಲು ಗಂಡಿನ ಕಡೆಯವರು ಬರುವುದೆಂದು ನಿಶ್ಚಯವಾಯಿತು.

ಬೆಳಿಗ್ಗೆಯಿಂದ ನಾನು ಊದುಬತ್ತಿ ಹಚ್ಚಿದ್ದೇ ಹಚ್ಚಿದ್ದು. ಊದುಬತ್ತಿಯ ವಾಸನೆಯೂ ಆ ಜಾಡಿಯ ನಾತವೂ ಸೇರಿ ಮನೆಯಲ್ಲಿ ಯಾರೋ ಹೋಗಿಬಿಟ್ಟಿದ್ದಾರೆ ಎನ್ನುವ ಹಾಗೆ ಆಯಿತು. ‘ಇವತ್ತೊಂದಿನ ಅದನ್ನ ಹಿತ್ತಲಿಗೆ ಇಡೋ’ ಎಂದು ಬೇಡಿಕೊಂಡೆ. ‘ಜಾಗ ಬದಲಾದ್ರೆ ಬಿಸಿಲು ಬದಲಾಗತ್ತೆ. ನಾಳೆ ನಲವತ್ತು, ಒಂದಿನ ತಡ್ಕೋ’ ಎಂದು ಹೇಳಿ, ಬರುವವರಿಗೆ ದಾರಿ ತೋರಿಸಲು ರಸ್ತೆಯ ತುದಿಗೆ ಹೋದ. ಕೇಸರಿಬಾತಿಗೆ ತುಪ್ಪ ಹಾಕುತ್ತಿದ್ದವಳು ಒಲೆ ಆರಿಸಿದೆ. ಜಾಡಿ ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದು ಎರಡು ಬಕೆಟ್ ನೀರು ಹೊಯ್ದೆ. ಕಾಳೆಲ್ಲ ಗಂಜಿಯಾಗಿತ್ತು. ಆಗ ಮಾಡಿದ್ದೇನೆಂದು ಹೊಳೆಯಿತು. ಸುಧಾಳಿಗೆ ಪೌಡರ್ ಹಚ್ಚಿಕೊಳ್ಳಲು ಹೇಳಿ ಮೂಲೆ ಅಂಗಡಿಗೆ ಓಡಿದೆ. ಒಣ ಅವರೆಕಾಳು ತಂದು ಇಪ್ಪತ್ತು ಎಣಿಸಿ ಹಾಕಿ, ನಲ್ಲಿ ನೀರು, ಒಂದು ಹಿಡಿ ಕಲ್ಲುಪ್ಪು, ಮುಚ್ಚಳ.

ನೋಡಲು ಬಂದವರಿಗೆ ಹುಡುಗಿ ಒಪ್ಪಿಗೆಯಾದಳು. ಅವರು ಒಳಗೆ ಕೇಸರಿಬಾತು ತಿನ್ನುವಾಗ ಅಣ್ಣ ಬಾಗಿಲಲ್ಲಿ ಕೂತು ಅವರ ಚಪ್ಪಲಿ ಕೆರೆಯುತ್ತಿದ್ದ. ‘ಬೀಗರು, ಎಡಗಾಲು’ ಎಂಬ ಚಿಪ್ಪಿನಲ್ಲಿ ಆಮೇಲೆ ಒಂದು ಟೊಮ್ಯಾಟೊ ಗಿಡ ಹುಟ್ಟಿತು. ಹಣ್ಣೂ ಬಿಟ್ಟಿತು. ಅದರ ಸಾರು ಮಾಡಲು ನಾನು ಒಪ್ಪಲಿಲ್ಲ.

ಮರುದಿನ ಅಣ್ಣ ಮುಚ್ಚಳ ತೆಗೆದು ಮೂಸಿದ. ‘ಪುಟ್ಟಿ, ಬಾ ಇಲ್ಲಿ. ನಾತ ಹೋಗಿದೆ. ಕೊನೇಲಿ ಬೀಜ ತನ್ನ ನೀರನ್ನ ತಾನೇ ಶುದ್ಧ ಮಾಡ್ಕೊಂಡಿದೆ’ ಎಂದ. ಹೀಗೊಂದು ವಿಷಯ ಸಾಹೇಬರಿಗೂ ಗೊತ್ತಿರಲಿಲ್ಲವೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಕಾಳುಗಳನ್ನು ಚಿಪ್ಪುಗಳಲ್ಲಿ ಊರಿದ. ವಾರ ಕಳೆಯುವುದರೊಳಗೆ ಇಪ್ಪತ್ತಕ್ಕೆ ಇಪ್ಪತ್ತೂ ತಲೆಯೆತ್ತಿದವು. ಅಣ್ಣ ಬೀದಿಯವರಿಗೆಲ್ಲ ಮೈಸೂರುಪಾಕು ಹಂಚಿದ. ಸುಧಾಳ ಮದುವೆ ನಿಶ್ಚಯವಾದದ್ದಕ್ಕೆ ಎಂದು ಎಲ್ಲರೂ ತಿಳಿದರು.

ಮೇಷ್ಟ್ರ ಜಾಡಿಯಲ್ಲಿ ಒಂದೂ ಬದುಕಿರಲಿಲ್ಲ. ಅವರು ಬರೆದರು: ‘ಇಪ್ಪತ್ತಕ್ಕೆ ಇಪ್ಪತ್ತೇ? ಒಳ್ಳೆಯ ಗದ್ದೆಯಲ್ಲಿ ಬಿತ್ತಿದರೂ ಹಾಗೆ ಬರುವುದಿಲ್ಲ ಮಾರಾಯರೆ. ನಿಮ್ಮ ಜಾಡಿಗೆ ಯಾರೋ ಕೈ ಹಾಕಿದ್ದಾರೆ. ಮನೆಯಲ್ಲಿ ವಿಚಾರಿಸಿ.’

ಅಣ್ಣ ವಿಚಾರಿಸಿದ. ‘ಪುಟ್ಟಿ, ಜಾಡಿ ಮುಟ್ಟಿದ್ಯಾ?’

‘ಆ ನಾತಾನ ನಾನ್ಯಾಕೆ ಮುಟ್ಲಿ?’ ಎಂದೆ. ಅಷ್ಟು ಸಲೀಸಾಗಿ ಬಂತು. ನಾಲಗೆ ತಡೆಯಲಿಲ್ಲ.

ಅವನು ಮತ್ತೆ ಕೇಳಲಿಲ್ಲ. ‘ನನ್ನ ತಂಗಿಯ ಮಾತನ್ನು ನಂಬದವರ ಜೊತೆ ನನಗೆ ಪತ್ರವ್ಯವಹಾರ ಬೇಡ’ ಎಂದು ಬರೆದು, ಗಟ್ಟಿಯಾಗಿ ಓದಿ, ಅಂಟಿಸಿ ಕಳಿಸಿಬಿಟ್ಟ. ಹನ್ನೊಂದು ವರ್ಷದ ಸ್ನೇಹ ಅಲ್ಲಿಗೆ ನಿಂತಿತು. ಮೊದಮೊದಲು ಹಳೆಯ ಅಭ್ಯಾಸಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡು ಗೇಟಿಗೆ ಹೋಗುತ್ತಿದ್ದ. ಆಮೇಲೆ ಅದೂ ನಿಂತಿತು.

ಅದೇ ಪ್ರಯೋಗವನ್ನು ಇನ್ನೂ ಎರಡು ಸಲ ಮಾಡಿದ. ಎರಡು ಸಲವೂ ಎಲ್ಲ ಗಂಜಿ. ತಾನು ಮೊದಲ ಸಲ ಮಾಡಿದ್ದ ಏನನ್ನೋ ಈಗ ಮರೆತಿದ್ದೇನೆ ಎಂದು ಅವನಿಗೆ ಅನಿಸಿತು. ಮತ್ತೂ ಒಂದು ಸಲ ಹಾಕಿ, ಮೂವತ್ತೊಂಬತ್ತನೆಯ ದಿನ ಬಂದು, ‘ಅವತ್ತು ಅಡುಗೆಮನೇಲಿ ಏನು ಮಾಡಿದ್ದೆ?’ ಎಂದ.

‘ಕೇಸರಿಬಾತು.’

‘ಅದನ್ನೇ ಮಾಡು. ಅದೇ ಹಸಿರು ಸೀರೆ ಉಟ್ಕೋ. ಊದುಬತ್ತಿ ಎಷ್ಟು ಹಚ್ಚಿದ್ದೆ?’

ಹಸಿರು ಸೀರೆ ಉಟ್ಟು, ಊದುಬತ್ತಿಯ ಹೊಗೆಯಲ್ಲಿ ನಿಂತು, ಯಾರೂ ಬರದ ಮನೆಯಲ್ಲಿ ನಾನು ಕೇಸರಿಬಾತು ಮಾಡಿದೆ. ಅವನು ಒಂದು ಚಮಚ ತಿಂದು, ‘ಅವತ್ತಿನ ಹಾಗೇ ಇದೆ’ ಎಂದು ಆಸೆಯಿಂದ ಜಾಡಿಯ ಕಡೆ ನೋಡಿದ. ಆಗಲೂ ನಾನು ಬಾಯಿ ಬಿಡಲಿಲ್ಲ.

ಹೋದ ವರ್ಷ ಅವನಿಗೆ ಎದೆಯಲ್ಲಿ ನೀರು ತುಂಬಿ ಆಸ್ಪತ್ರೆಗೆ ಸೇರಿಸಿದೆವು. ಕಿವಿ ಆಗಲೇ ಮಂದವಾಗಿತ್ತು. ಒಂದು ಮಧ್ಯಾಹ್ನ ಅವನ ಹತ್ತಿರ ಬಾಗಿ, ‘ಅಣ್ಣ, ಅವರೆಕಾಳು ಬದಲಾಯಿಸಿದ್ದು ನಾನು’ ಎಂದೆ.

‘ಆಂ?’

ಎರಡನೆಯ ಸಲವೂ ‘ಆಂ?’ ಎಂದ. ಮೂರನೆಯ ಸಲ ಕೂಗಿಯೇ ಹೇಳಿದೆ. ಎದುರು ಹಾಸಿಗೆಯಲ್ಲಿ ಕಾಲಿಗೆ ಕಟ್ಟು ಹಾಕಿಸಿಕೊಂಡಿದ್ದ ಆಟೋ ಡ್ರೈವರು, ‘ಅವರಿಗೆ ಕೇಳಿಸ್ತೋ ಇಲ್ವೋ ಅಮ್ಮ, ನಮಗೆಲ್ಲ ಕೇಳಿಸ್ತು’ ಎಂದರು.

ಅಣ್ಣನಿಗೂ ಕೇಳಿಸಿತ್ತು. ದಿಂಬಿನ ಮೇಲೆ ತಲೆಯನ್ನು ನನ್ನ ಕಡೆ ತಿರುಗಿಸಿದ. ‘ಯಾವ ದಿನ?’ ಎಂದ.

‘ಮೂವತ್ತೊಂಬತ್ತು. ನೀನು ಅವರನ್ನ ಕರ್ಕೊಂಡು ಬರೋಕೆ ಹೋಗಿದ್ಯಲ್ಲ.’

‘ಹಳೇ ಕಾಳು ಹೇಗಿತ್ತು?’

‘ಗಂಜಿ.’

‘ಉಪ್ಪು?’

‘ಒಂದು ಹಿಡಿ.’

ಅವನ ಭುಜ ಅಲುಗಿತು. ಅಳುತ್ತಿದ್ದಾನೆ ಎಂದುಕೊಂಡೆ. ನಗುತ್ತಿದ್ದ. ‘ಬೀಜ ತಾನೇ ಶುದ್ಧ ಮಾಡ್ಕೊಳ್ತಂತೆ’ ಎಂದು ಕೆಮ್ಮಿ ಕೆಮ್ಮಿ ನಕ್ಕ. ‘ಇಪ್ಪತ್ತಕ್ಕೆ ಇಪ್ಪತ್ತು ಬಂದಾಗ್ಲೇ ನನಗೆ ಅನುಮಾನ ಬರ್ಬೇಕಿತ್ತು ಪುಟ್ಟಿ. ಖುಷೀಲಿ ಕಣ್ಣು ಕಾಣ್ಲಿಲ್ಲ.’ ನಗು ನಿಂತ ಮೇಲೆ, ‘ಮೇಷ್ಟ್ರು ಹೇಳಿದ್ದೇ ಸರಿ. ನಾನು ಅವರನ್ನ ಬೈದ್ಬಿಟ್ಟೆ. ಹೋಗಿ ಒಂದು ಇನ್‌ಲ್ಯಾಂಡ್ ತಗೊಂಡ್ಬಾ’ ಎಂದ.

ಆ ಪತ್ರ ಅಂಕೋಲೆಗೆ ತಲುಪಿತು. ಉತ್ತರದ ಬದಲು ಮೇಷ್ಟ್ರು ಮತ್ತೊಂದು ಕ್ಯಾನ್ ಸಮುದ್ರವನ್ನೇ ಕಳಿಸಿದ್ದರು. ಅದನ್ನು ತರಲು ಕಲಾಸಿಪಾಳ್ಯಕ್ಕೆ ನಾನೊಬ್ಬಳೇ ಹೋದೆ. ‘ಸಮುದ್ರದವರು ಬರ್ಲಿಲ್ವಾ ಅಮ್ಮ?’ ಎಂದರು ಪಾರ್ಸಲ್‌ನವರು. ಅಣ್ಣ ಹೋಗಿ ಆಗ ಒಂಬತ್ತು ದಿನ. ಕ್ಯಾನಿಗೆ ಕಟ್ಟಿದ್ದ ಚೀಟಿಯಲ್ಲಿ ಎರಡೇ ಮಾತಿತ್ತು: ‘ಹೊಸದಾಗಿ ಹಾಕೋಣ. ಈ ಸಲ ಹುರುಳಿ.’

ಆಸ್ಪತ್ರೆಯ ಆ ಮಧ್ಯಾಹ್ನದ ಉಳಿದ ಮಾತು ಹೇಳುತ್ತೇನೆ. ಅಣ್ಣನಿಗೆ ಎದ್ದು ಕೂತು ಬರೆಯಲು ಆಗುತ್ತಿರಲಿಲ್ಲ, ಅವನು ಹೇಳಿದ, ನಾನು ಬರೆದೆ. ನನ್ನ ಅಕ್ಷರ ಇರುವೆ ಸಾಲು ತಪ್ಪಿದ ಹಾಗೆ. ‘ನಲವತ್ತನೆಯ ದಿನದ ಫಲಿತಾಂಶ ರದ್ದು. ಹಿಂದಿನ ದಿನ ಕಾಳು ಬದಲಾಗಿತ್ತು. ನೀವು ಹೇಳಿದ್ದೇ ಸರಿ. ತಪ್ಪು ನಮ್ಮ ಮನೆಯದು.’ ಅಷ್ಟಾದ ಮೇಲೆ, ‘ಈಗ ಗಟ್ಟಿಯಾಗಿ ಓದು’ ಎಂದ.

ಓದಿದೆ. ‘ತಪ್ಪು ನಮ್ಮ ಮನೆಯದು’ ಎನ್ನುವಲ್ಲಿ ನಾಲಗೆ ತಡೆಯಿತು. ಇನ್ನೊಮ್ಮೆ ಓದಿದೆ. ಅಲ್ಲೇ ತಡೆಯಿತು. ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ‘ತಡೆದ ಕಡೆ ತಿದ್ದಬೇಕು’ ಎಂದ.

ಆ ಸಾಲು ಹೊಡೆದುಹಾಕಿ ಬೇರೆ ಬರೆದೆ. ವಾರ್ಡಿನವರೆಲ್ಲ ಕೇಳಿದರೆ ಕೇಳಲಿ ಎಂದು, ಅವನ ಮಂದ ಕಿವಿಗೆ ತಲುಪುವಷ್ಟು ಗಟ್ಟಿಯಾಗಿ ಓದಿದೆ: ‘ಕಾಳು ಬದಲಾಯಿಸಿದ್ದು ನಾನು. ಅಣ್ಣ ಕೇಳಿದಾಗ ಸುಳ್ಳು ಹೇಳಿದ್ದೂ ನಾನು. ಅವನು ನನ್ನನ್ನು ನಂಬಿ ನಿಮ್ಮನ್ನು ಬಿಟ್ಟ. ಮೇಷ್ಟ್ರೆ, ತಪ್ಪಾಯಿತು. ಅಣ್ಣಾ, ತಪ್ಪಾಯಿತು ಕಣೋ.’