ತಾಯಮ್ಮ ಗುಡಿಸಿದ ದಾರಿ

ಚೆಲುವರಾಜುವಿಗೆ ಹಳೆಯ ರಸ್ತೆಗಳ ಹುಚ್ಚು. ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಮಧ್ಯಯುಗದ ಗಾಡಿದಾರಿಗಳನ್ನು ಅಗೆದು ತೆಗೆಯುವವರ ಜೊತೆ ಎರಡು ಬೇಸಿಗೆ ದುಡಿದು, ಅದನ್ನೇ ತಲೆಗೇರಿಸಿಕೊಂಡು ಬಂದಿದ್ದ. 1984ರ ಅಮೆರಿಕದ ಮಿಲ್ಪಿಟಾಸಿನಲ್ಲಿ ಆ ವಿದ್ಯೆಯನ್ನು ಕೇಳುವವರು ಯಾರು? ಕಂಡವರೆಲ್ಲ ಎಲೆಕ್ಟ್ರಾನಿಕ್ಸ್ ಕಂಪನಿಯವರೇ. ಹೆಂಡತಿ ಊರ್ಮಿಳಾ ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಡಾಕ್ಟರು. ಮನೆ ನಡೆಯುತ್ತಿದ್ದುದು ಅವಳಿಂದ. ಅದನ್ನು ಅವನು ಮರೆಯಲು ಅವಳು ಬಿಡುತ್ತಲೂ ಇರಲಿಲ್ಲ. ಪಾರ್ಟಿಗಳಲ್ಲಿ ಗಂಡನನ್ನು "ನಮ್ಮನೆ ಮಣ್ಣುಹುಳ" ಎಂದೇ ಪರಿಚಯಿಸುವಳು. ಜನ ನಗುತ್ತಿದ್ದರು. ಮಾನಗೆಟ್ಟವನು, ಅವನೂ ನಗುತ್ತಿದ್ದ.

ಮನೆಯ ಹಿಂದಿನ ಗುಡ್ಡದ ಬುಡದಲ್ಲಿ ಟೌನ್‌ಹೌಸು ಕಟ್ಟಲು ನೆಲ ಕೆರೆದಾಗ ಎತ್ತಿನ ಗಾಡಿಯ ಚಕ್ರದ ಜಾಡು ಅವನ ಕಣ್ಣಿಗೆ ಬಿತ್ತು. ಸ್ಪೇನಿನವರು ಈ ಸೀಮೆ ಆಳುತ್ತಿದ್ದ ಕಾಲದ ದಾರಿ ಎಂದು ಕಾಡಿ ಬೇಡಿ ಕೆಲಸ ನಿಲ್ಲಿಸಿದ. ಶನಿವಾರ ಪ್ರೊಫೆಸರ್ ಒಬ್ಬರು ಬಂದು ಒಪ್ಪಿದರೆ ದಾರಿ ಉಳಿಯುತ್ತಿತ್ತು, ಅದನ್ನು ಅಗೆಯುವ ಕೆಲಸವೂ ಅವನಿಗೇ ಸಿಗುತ್ತಿತ್ತು. ಇಲ್ಲದಿದ್ದರೆ ಸೋಮವಾರ ಬುಲ್ಡೋಜರು.

"ಯಾರೂ ಅಲ್ಲಿ ಕಾಲಿಡಕೂಡ್ದು" ಎಂದು ಹೆಂಡತಿಗೆ ಹೇಳಿದ. ಮಂಡ್ಯದಿಂದ ಬಂದಿದ್ದ ತಾಯಿ ತಾಯಮ್ಮನಿಗೆ ಹೇಳಲಿಲ್ಲ. ಅವ್ವನಿಗೆ ಏನು ತಿಳಿಯುತ್ತದೆ ಎಂಬ ಸಸಾರ.

ಊರ್ಮಿಳಾಗೆ ಬೇಕಿದ್ದುದು ಕಂಪನಿಗೆ ಹೋಗುವ ಗಂಡ. ಶನಿವಾರ ಅವನು ಪ್ರೊಫೆಸರನ್ನು ಕರೆತರಲು ಏರ್‌ಪೋರ್ಟಿಗೆ ಹೊರಟ ಕೂಡಲೇ ಅತ್ತೆಯ ಕೈಗೆ ಪೊರಕೆ, ಬಕೆಟ್ಟು ಕೊಟ್ಟಳು.

"ಅತ್ತೆ, ನಿಮ್ಮ ಮಗನ ಕೆಲಸ ನೋಡಕ್ಕೆ ದೊಡ್ಡವರು ಬರ್ತಿದಾರೆ. ಅಲ್ಲಿ ನೋಡಿದ್ರೆ ಬರೀ ಹಳ್ಳ ದಿಣ್ಣೆ."

"ಅಯ್ಯೋ, ಎಡವ್ಬುಟ್ಟಾರು ಕಣವ್ವ!"

ದೊಡ್ಡವರು ಬರುವಾಗ ಅಂಗಳ ಹೇಗಿರಬೇಕೆಂದು ತಾಯಮ್ಮನಿಗೆ ಯಾರೂ ಕಲಿಸಬೇಕಿರಲಿಲ್ಲ. ಜಾಡಿಗೆ ಮಣ್ಣು ತುಂಬಿ, ನೀರು ಚಿಮುಕಿಸಿ, ಕಾಲಲ್ಲಿ ತುಳಿದು ಮಟ್ಟ ಮಾಡಿ, ಗುಡಿಸಿ, ಅಕ್ಕಿಹಿಟ್ಟಿನ ರಂಗೋಲಿ ಬಿಟ್ಟಳು. ಮಗ ಬಂದಾಗ ಸೊಂಟ ಹಿಡಿದುಕೊಂಡು ನಗುತ್ತಾ ನಿಂತಿದ್ದಳು.

ಪ್ರೊಫೆಸರ್ ರಂಗೋಲಿಯ ಫೋಟೊ ತೆಗೆದುಕೊಂಡರು. ಕಲಸಿಹೋದ ಮಣ್ಣಿಗೆ ತಾನು ಸಾಕ್ಷಿ ಹೇಳಲಾರೆ ಎಂದು ಹೊರಟೂ ಹೋದರು. ಚೆಲುವರಾಜು ಪೊರಕೆ ಕಿತ್ತುಕೊಂಡು ಮುರಿದ.

"ನನ್ನ ಹಾಳ್ಮಾಡಕ್ಕೇ ಬಂದ್ಯೇನವ್ವ ಇಲ್ಲಿಗಂಟ?"

ಅಂದಿನಿಂದ ಅವಳ ಜೊತೆ ಮಾತು ಬಿಟ್ಟ. ತಾಯಮ್ಮ ಸೊಸೆಯ ಹೆಸರೆತ್ತಲಿಲ್ಲ. ಪಾಪ, ಅವಳೂ ತಿಳಿಯದೆ ಹೇಳಿದಳು ಎಂದೇ ನಂಬಿದ್ದಳು.

ಸೋಮವಾರ ಬುಲ್ಡೋಜರು ಬಂತು. ಮರುತಿಂಗಳು ಚೆಲುವರಾಜು ಟೈ ಕಟ್ಟಿಕೊಂಡು ಕಂಪನಿಗೆ ಹೋದ. ಅದೇ ದಿನ ಊರ್ಮಿಳಾ ಹೊಸ ಪೊರಕೆ ತಂದಳು. ತಾಯಮ್ಮ ಅದನ್ನು ಮುಟ್ಟಲು ಹೆದರಿದಳು.

"ನಾ ಗುಡಿಸ್ಲಾ, ಬ್ಯಾಡ್ವಾ ಕಣವ್ವ?"

"ಗುಡಿಸಿ ಅತ್ತೆ" ಎಂದಳು ಊರ್ಮಿಳಾ. "ನೀವು ಹಾಳು ಮಾಡೋಂಥದ್ದು ಇನ್ನೇನೂ ಉಳಿದಿಲ್ಲ."